ಸ್ಥಾಲೀಪುಲಾಕನ್ಯಾಯವೂ ಸಸ್ಯಗಣನೆಯ ಕ್ರಮವೂ

ಶಾಸ್ತ್ರಗ್ರಂಥಗಳಲ್ಲಿ ಪ್ರಸಿದ್ಧವಾದ ಲೌಕಿಕನ್ಯಾಯಗಳಲ್ಲಿ ಸ್ಥಾಲೀಪುಲಾಕನ್ಯಾಯವು ಒಂದು. ಪಾತ್ರೆಯೊಳಗಿನ ಒಂದಗುಳನ್ನು ಹಿಸುಕಿ ನೋಡಿ ಅನ್ನವೆಲ್ಲವೂ ಬೆಂದಿತೆಂದು ನಿಶ್ಚಯಿಸುವುದೇ ಇದರ ತಾತ್ಪರ್ಯ. ಈ ನಿಶ್ಚಯಕ್ಕೆ ಅಗುಳೊಂದೇ ಆಧಾರವಲ್ಲ. ಅಕ್ಕಿಯೆಲ್ಲಕ್ಕೂ ನೀರೂ ಬೆಂಕಿಯೂ ಸಮನಾಗಿ ತಗುಲಿವೆಯೆಂಬ ತಿಳಿವೂ ಅದರ ಹಿಂದೆ ಉಂಟು. ಆ ಸಮತೆಯಿಲ್ಲದೆಡೆಯಲ್ಲಿ ನ್ಯಾಯವು ಸಲ್ಲದು. ಅಡವಿಯೂ ಹುಲ್ಲುಬಯಲೂ ಅಂತಹ ಎಡೆಗಳೇ. ಅಲ್ಲಿ ಅಂಶದಿಂದ ಸಮಗ್ರವನ್ನು ಅರಿಯುವ ಬಗೆ ಹೇಗೆ? ಪರಿಸರವಿಜ್ಞಾನದಲ್ಲಿ ಈ ಪ್ರಶ್ನೆಯ ಚರಿತ್ರೆಯು ಬಹುಮಟ್ಟಿಗೆ ಇಬ್ಬರು ವಿದ್ಯಾರ್ಥಿಗಳ ಕಾರ್ಯದಿಂದ ಮೊದಲಾಗುತ್ತದೆ.

ಅಮೆರಿಕಾ ದೇಶದ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಆಚಾರ್ಯರಾಗಿದ್ದ ಚಾರ್ಲ್ಸ್ ಬೆಸ್ಸಿಯವರ ಶಿಷ್ಯರು ರಾಸ್ಕೋ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ ಎಂಬವರು. ಆ ಪ್ರಾಂತದ ಸಸ್ಯಭೂಗೋಲವನ್ನು ಕುರಿತು ಇವರು ಕೂಡಿ ಬರೆದ ಗ್ರಂಥವು 1898ರಲ್ಲಿ ಪ್ರಕಟವಾಯಿತು. ಬಯಲನ್ನು ಸುತ್ತಿ ಬಲ್ಲವರಿಗೆ ಯಾವ ಗಿಡವು ಹೇರಳ, ಯಾವುದು ವಿರಳವೆಂಬುದು ಕಣ್ಣಳತೆಯಿಂದಲೇ ತಿಳಿಯುವುದೆಂಬ ನಂಬಿಕೆಯು ಆಗ ಇದ್ದಿತು. ಇವರಾದರೋ 5 ಮೀಟರ್ ಭುಜದ ಚೌಕಗಳನ್ನು ಗುರುತಿಸಿ, ಒಳಗಿನ ಗಿಡಗಳನ್ನು ಒಂದೊಂದಾಗಿ ಎಣಿಸಿದರು. ಪಳಗಿದ ಕಣ್ಣೂ ವಂಚಿಸುವುದೆಂಬುದು ಆಗ ಸ್ಪಷ್ಟವಾಯಿತು. ಪ್ರತ್ಯಕ್ಷದಲ್ಲಿಯೇ ದೋಷವುಂಟೆಂದು ಒಪ್ಪಿ, ಎಣಿಕೆಯ ಕ್ರಮವನ್ನು ಅದೇ ವರ್ಷ ಲೇಖನರೂಪವಾಗಿ ಪ್ರಕಟಿಸಿದರು. ಈ ಪೌಂಡರೇ ಮುಂದೆ ಹಾರ್ವರ್ಡಿನ ಕಾನೂನು ವಿದ್ಯಾಲಯಕ್ಕೆ ಮುಖ್ಯಸ್ಥರಾದರು. ಸಾಕ್ಷಿಯನ್ನು ಪರೀಕ್ಷಿಸದೆ ನಂಬಬಾರದೆಂಬ ನಿಯಮವು ಎರಡು ಶಾಸ್ತ್ರಗಳಿಗೂ ಸಮಾನವಷ್ಟೆ.

ಆದರೂ ಒಂದು ದೋಷವು ಉಳಿಯಿತು. ಚೌಕವನ್ನು ಎಲ್ಲಿಡಬೇಕು? ಬಯಲಿನ ಸ್ವರೂಪವನ್ನು ತೋರಿಸುವ ಸ್ಥಳದಲ್ಲಿ ಎಂದರೆ, ಆ ಸ್ವರೂಪವು ಚೌಕದಿಂದಲೇ ತಿಳಿಯಬೇಕಾದುದು. ಸ್ವರೂಪವು ತಿಳಿಯದೆ ಸ್ಥಳವಿಲ್ಲ, ಸ್ಥಳವಿಲ್ಲದೆ ಸ್ವರೂಪವು ತಿಳಿಯದು. ತಾರ್ಕಿಕರು ಹೇಳುವ ಅನ್ಯೋನ್ಯಾಶ್ರಯವು ಇದೇ. ಇದಕ್ಕೆ ಪರಿಹಾರವು ಬೇಸಾಯದ ಪ್ರಯೋಗಗಳಿಂದ ಬಂದಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರರು 1925ರಲ್ಲಿಯೂ 1935ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ, ಹಂಚಿಕೆಯನ್ನು ಶೋಧಕನ ಇಚ್ಛೆಗೆ ಬಿಡದೆ ಚೀಟಿಯೆತ್ತಿದಂತೆ ಯದೃಚ್ಛೆಗೆ ಬಿಡಬೇಕೆಂದು ಪ್ರತಿಪಾದಿಸಿದರು. ಯದೃಚ್ಛೆಗೆ ಪಕ್ಷಪಾತವಿಲ್ಲ. ಇದೇ ತತ್ತ್ವವನ್ನವಲಂಬಿಸಿ ಪ್ರಶಾಂತಚಂದ್ರ ಮಹಲನೋಬಿಸರು 1937ರಿಂದ ಬಂಗಾಳದಲ್ಲಿ ಸೆಣಬಿನ ಬೆಳೆಯ ವಿಸ್ತಾರವನ್ನು ಅಳೆಯತೊಡಗಿದರು.

ಇಷ್ಟಾದರೂ ತಪ್ಪು ನಿಲ್ಲಲಿಲ್ಲ. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟರು ಪರಿಸರವಿಜ್ಞಾನದ 176 ಪ್ರಯೋಗಲೇಖನಗಳನ್ನು ಪರಿಶೀಲಿಸಿ, ನೂರಕ್ಕೆ 27ರಲ್ಲಿ ಹುಸಿ ಪುನರಾವೃತ್ತಿಯ ದೋಷವನ್ನು ಕಂಡರು. ಅದರ ಲಕ್ಷಣವು ಹೀಗೆ: ಬೆಂಕಿ ಬಿದ್ದ ಒಂದು ತೋಪಿನಲ್ಲಿ ಹತ್ತು ಚೌಕ, ಬೀಳದ ಇನ್ನೊಂದರಲ್ಲಿ ಹತ್ತು ಚೌಕಗಳನ್ನೆಣಿಸಿ, ವಿದ್ಯಾರ್ಥಿಯು ಬೆಂಕಿಯ ಫಲವನ್ನು ಇಪ್ಪತ್ತು ಸಾಕ್ಷಿಗಳಿಂದ ಸಾಧಿಸಿದೆನೆನ್ನುತ್ತಾನೆ. ತೋಪುಗಳಾದರೋ ಎರಡೇ. ಅವುಗಳ ಭೇದಕ್ಕೆ ಮಣ್ಣೂ ನೀರೂ ಕಾರಣವಾಗಿರಬಹುದು. ಒಂದೇ ಪಾತ್ರೆಯ ಹತ್ತು ಅಗುಳು ಆ ಪಾತ್ರೆಗೆ ಸಾಕ್ಷಿಯೇ ಹೊರತು ಹತ್ತು ಪಾತ್ರೆಗಳಿಗಲ್ಲ.

ಎಣಿಕೆಯಲ್ಲಿ ತಪ್ಪಿದರೆ ಮರುದಿನ ಎಣಿಸಬಹುದು. ಯೋಜನೆಯಲ್ಲಿಯೇ ತಪ್ಪಿದರೆ ಋತುವು ಕಳೆದ ಮೇಲೆ ಯಾವ ಗಣಿತವೂ ತಿದ್ದಲಾರದು. ಆದಕಾರಣ ವಿದ್ಯಾರ್ಥಿಯು ಹಗ್ಗವನ್ನೂ ಗೂಟವನ್ನೂ ಹಿಡಿದು ಬಯಲಿಗಿಳಿಯುವ ಮುನ್ನವೇ, ತಾನು ನಿರ್ಣಯಿಸಬೇಕಾದುದು ಅಗುಳನ್ನೋ ಪಾತ್ರೆಯನ್ನೋ ಎಂಬುದನ್ನು ಗುರುವಿನೊಡನೆ ಕುಳಿತು ವಿಚಾರಮಾಡತಕ್ಕದ್ದು.