ಮುಚ್ಚಿದ ದಿನ, ತೆರೆದ ದಿನ

ನಾಗಪುರದ ನಮ್ಮ ಆಫೀಸಿನ ಸೆಕ್ಯುರಿಟಿ ಕಾಕಾ ಉಮರೇಡ್ ಕಡೆಯವರು. ರಜೆಯ ದಿನ ಊರಿಗೆ ಹೊರಟರೆ ಬಸ್ಸಿಗೆ ಬೈಯುತ್ತಲೇ ಹೊರಡುತ್ತಾರೆ. 1908ರಿಂದ ಓಡುತ್ತಿದ್ದ ನಾಗಪುರ–ನಾಗಭೀಡ ನ್ಯಾರೋಗೇಜ್ ರೈಲು, ಬ್ರಾಡ್‌ಗೇಜ್ ಕೆಲಸಕ್ಕೆಂದು 2019ರ ನವೆಂಬರಿನಲ್ಲಿ ನಿಂತಿತು.

ಅವರ ಬೈಗುಳ ಕೇಳಿದಾಗಲೆಲ್ಲ ನನಗೆ ಶಿರಾಡಿ ಘಾಟಿ ನೆನಪಾಗುತ್ತದೆ. ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ದಾರಿಗೇ 57 ಸುರಂಗ. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಹದಿನೇಳೇ ವರ್ಷಕ್ಕೆ, 1996ರಲ್ಲಿ, ಗೇಜ್ ಪರಿವರ್ತನೆಗೆಂದು ಮುಚ್ಚಿದರು. ಘಾಟಿಯಲ್ಲಿ ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ. ಪ್ರಯಾಣಿಕರು ಹತ್ತಿದ್ದು 2007ರ ಡಿಸೆಂಬರಿನಲ್ಲಿ.

ಆ ಹನ್ನೊಂದು ವರ್ಷಗಳಲ್ಲಿ ನಾನು ಬೆಂಗಳೂರಿನಲ್ಲಿ ಬಿಇ, ಎಂಟೆಕ್ ಮುಗಿಸಿ ಕೆಲಸಕ್ಕೂ ಸೇರಿದೆ. ಪುತ್ತೂರಿನಿಂದ ರಾತ್ರಿ ಬಸ್ಸೇ ಗತಿ. ಮಳೆಗಾಲದಲ್ಲಿ ಘಾಟಿಯಲ್ಲೊಂದು ಲಾರಿ ಅಡ್ಡ ನಿಂತರೆ ಬೆಳಗಿನ ಕ್ಲಾಸು ಹೋದಂತೆಯೇ. ಅಮ್ಮನಿಗೆ ಬಸ್ಸಿನಲ್ಲಿ ವಾಂತಿ. “ರೈಲು ಶುರುವಾಗಲಿ ಮಗಾ, ಬರ್ತೇನೆ” ಎನ್ನುತ್ತಿದ್ದಳು. ನನ್ನ ಹಾಸ್ಟೆಲನ್ನು, ಮೊದಲ ಬಾಡಿಗೆ ಮನೆಯನ್ನು ಅವಳು ನೋಡಲೇ ಇಲ್ಲ. ರೈಲು ಬರುವ ಹೊತ್ತಿಗೆ ನಾನು ನಾಗಪುರ ಸೇರಿದ್ದೆ.

ಬ್ರಾಡ್‌ಗೇಜ್ ಬೇಡವಿತ್ತು ಎನ್ನಲಾರೆ. ಪ್ರಾಜೆಕ್ಟ್ ಪ್ಲಾನಿನಲ್ಲಿ ನಾನೂ ‘ಡೌನ್‌ಟೈಮ್’ ಎಂದು ಬರೆದು ಎರಡು ತಾರೀಕು ತುಂಬುವವನೇ. ರೈಲಿನ ಇತಿಹಾಸವನ್ನೂ ಹಾಗೇ ಬರೆಯುತ್ತೇವೆ: ಮುಚ್ಚಿದ ದಿನ, ತೆರೆದ ದಿನ. ನಡುವೆ ಬಸ್ಸಿನಲ್ಲಿ ಕೂತವರ, ಬಸ್ಸು ಹತ್ತಲಾರದೆ ಮನೆಯಲ್ಲೇ ಉಳಿದವರ ಲೆಕ್ಕ ಎಲ್ಲೂ ಇರುವುದಿಲ್ಲ.

ಸೋಮವಾರ ಕಾಕಾ ತಡವಾಗಿ ಬಂದರೆ ನಾನು ಗಡಿಯಾರ ನೋಡುವುದಿಲ್ಲ.