ಶಾಲಾಂತ್ಯ ಪ್ರಮಾಣಪತ್ರದ ಭಾಷೆ: ಮ್ಯಾಸಚೂಸೆಟ್ಸ್ ರಾಜ್ಯವನ್ನು ಕುರಿತ ಒಂದು ಚಾರಿತ್ರಿಕ ಅವಲೋಕನ

1. ಪ್ರವೇಶ

2024ರ ನವೆಂಬರ್ 5ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಅಧ್ಯಕ್ಷರ ಆಯ್ಕೆಯ ಜೊತೆಗೆ ಶಾಲಾ ಶಿಕ್ಷಣಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನೂ ತೀರ್ಮಾನಿಸಿದರು. ಸರ್ಕಾರಿ ಪ್ರೌಢಶಾಲೆಯ ಡಿಪ್ಲೊಮಾ ಪಡೆಯಲು ರಾಜ್ಯಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂಬ ನಿಯಮ ಮುಂದುವರಿಯಬೇಕೇ ಎಂಬುದು ಆ ಪ್ರಶ್ನೆ. ಬೇಡ ಎಂದವರ ಪ್ರಮಾಣ ಶೇಕಡಾ 59ರಷ್ಟಿತ್ತು. ಇಲ್ಲಿ ಡಿಪ್ಲೊಮಾ ಎಂದರೆ ನಮ್ಮ ಪಾಲಿಟೆಕ್ನಿಕ್ ಡಿಪ್ಲೊಮಾ ಅಲ್ಲ. ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಸಲ್ಲುವ ಶಾಲಾಂತ್ಯ ಪ್ರಮಾಣಪತ್ರ. ಅದಿಲ್ಲದವರಿಗೆ ಕಾಲೇಜಿನ ದಾರಿಯೂ ಅನೇಕ ಉದ್ಯೋಗಗಳ ದಾರಿಯೂ ಕಿರಿದಾಗುತ್ತವೆ.

ಈ ಚರ್ಚೆ ಬಹುಮಟ್ಟಿಗೆ ಪರೀಕ್ಷೆ ಬೇಕೇ, ಬೇಡವೇ ಎಂಬ ಎರಡು ಧ್ರುವಗಳ ನಡುವೆ ನಡೆಯಿತು. ಭಾಷಾವಿಜ್ಞಾನದ ದೃಷ್ಟಿಯಿಂದ ಅದೇ ಇತಿಹಾಸವನ್ನು ಮತ್ತೊಮ್ಮೆ ಓದುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ವಾದ ಇಷ್ಟೆ: ಶಾಲಾಂತ್ಯದ ಪ್ರತಿಯೊಂದು ನಿಬಂಧನೆಯ ಒಳಗೂ ಒಂದು ಭಾಷಾ ನಿಬಂಧನೆ ಇರುತ್ತದೆ. ಅದನ್ನು ಹೆಸರಿಸದೆ ಹೊರಗಿನ ನಿಬಂಧನೆಯನ್ನು ಮಾತ್ರ ಬದಲಿಸಿದರೆ ಒಳಗಿನದು ಮತ್ತೊಂದು ರೂಪದಲ್ಲಿ ಉಳಿದುಕೊಳ್ಳುತ್ತದೆ.

2. ಹಿನ್ನೆಲೆ

ಮ್ಯಾಸಚೂಸೆಟ್ಸಿನಲ್ಲಿ ಓದುಬರಹವನ್ನು ಸಾರ್ವಜನಿಕ ಹೊಣೆಯೆಂದು ಭಾವಿಸುವ ಪರಂಪರೆ ಬಹಳ ಹಳೆಯದು. ಐವತ್ತು ಮನೆಗಳಿರುವ ಪ್ರತಿ ಊರೂ ಓದುಬರಹ ಕಲಿಸುವವನೊಬ್ಬನನ್ನು ನೇಮಿಸಿಕೊಳ್ಳಬೇಕೆಂದು 1647ರಷ್ಟು ಹಿಂದೆಯೇ ಅಲ್ಲಿನ ವಸಾಹತು ಕಾನೂನು ಮಾಡಿತ್ತು. ಕಡ್ಡಾಯ ಶಾಲಾ ಹಾಜರಿಯ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದ ರಾಜ್ಯವೂ ಇದೇ, ಅದು 1852ರಲ್ಲಿ. ಆದರೆ ಐದೇ ವರ್ಷಗಳ ನಂತರ, 1857ರಲ್ಲಿ, ರಾಜ್ಯದ ಸಂವಿಧಾನಕ್ಕೆ ಇನ್ನೊಂದು ಬಗೆಯ ತಿದ್ದುಪಡಿ ಬಂತು: ಸಂವಿಧಾನವನ್ನು ಇಂಗ್ಲಿಷಿನಲ್ಲಿ ಓದಲು ಮತ್ತು ತನ್ನ ಹೆಸರನ್ನು ಬರೆಯಲು ಬಲ್ಲವನಿಗೆ ಮಾತ್ರ ಮತದಾನದ ಹಕ್ಕು. ಐರ್ಲೆಂಡಿನಿಂದ ವಲಸಿಗರು ದೊಡ್ಡ ಸಂಖ್ಯೆಯಲ್ಲಿ ಬಂದಿಳಿದಿದ್ದ, ವಲಸೆ ವಿರೋಧಿ ರಾಜಕೀಯ ಬಲವಾಗಿದ್ದ ಕಾಲವದು. ಹೀಗೆ ಓದುಬರಹವೆಂಬುದು ಒಂದೇ ದಶಕದಲ್ಲಿ ಸಮಾಜವು ಮಗುವಿಗೆ ಸಲ್ಲಿಸಬೇಕಾದ ಋಣವಾಗಿಯೂ ವಯಸ್ಕನನ್ನು ಹೊರಗಿಡುವ ಬೇಲಿಯಾಗಿಯೂ ಕಾನೂನಿನಲ್ಲಿ ಸೇರಿತು. ಮುಂದಿನ ಚರಿತ್ರೆಯಲ್ಲಿಯೂ ಈ ಎರಡು ಮುಖಗಳು ಜೊತೆಜೊತೆಯಾಗಿ ಕಾಣುತ್ತವೆ.

ಮನೆಮಾತಿಗೆ ಶಾಲೆಯಲ್ಲಿ ಕಾನೂನಿನ ಬೆಂಬಲ ದೊರೆತದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಒಂದೇ ಭಾಷೆಯಾಡುವ, ಇಂಗ್ಲಿಷ್ ಸಾಕಷ್ಟು ಬಾರದ ಇಪ್ಪತ್ತು ಮಕ್ಕಳು ಒಂದು ಶಾಲಾ ಜಿಲ್ಲೆಯಲ್ಲಿದ್ದರೆ ಅವರಿಗೆ ಸಂಕ್ರಮಣಕಾಲದ ದ್ವಿಭಾಷಾ ಶಿಕ್ಷಣ ಒದಗಿಸಬೇಕೆಂದು 1971ರಲ್ಲಿ ರಾಜ್ಯ ಕಾನೂನು ಮಾಡಿತು. ಇಂಥ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಮೊದಲ ರಾಜ್ಯವೆಂಬ ಹೆಸರು ಮ್ಯಾಸಚೂಸೆಟ್ಸಿಗೆ ಸಲ್ಲುತ್ತದೆ.

ಡಿಪ್ಲೊಮಾದ ನಿಬಂಧನೆಗಳಾದರೋ 1993ರವರೆಗೆ ಬಹುಪಾಲು ಸ್ಥಳೀಯ ಜಿಲ್ಲೆಗಳ ಕೈಯಲ್ಲಿಯೇ ಇದ್ದವು. ಅಮೆರಿಕದ ಇತಿಹಾಸ ಮತ್ತು ಪೌರನೀತಿ, ದೈಹಿಕ ಶಿಕ್ಷಣ ಇವಿಷ್ಟನ್ನು ಬಿಟ್ಟರೆ ರಾಜ್ಯ ಹೆಚ್ಚೇನನ್ನೂ ವಿಧಿಸಿರಲಿಲ್ಲ. ಹಾಗಾಗಿ ಸಿರಿವಂತ ಊರಿನ ಡಿಪ್ಲೊಮಾಕ್ಕೂ ಬಡ ಊರಿನ ಡಿಪ್ಲೊಮಾಕ್ಕೂ ಹೆಸರು ಒಂದೇ ಆದರೂ ಅವುಗಳ ಹಿಂದಿನ ಕಲಿಕೆ ಒಂದೇ ಆಗಿರಲಿಲ್ಲ. 1993ರ ಜೂನ್ ತಿಂಗಳಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಮೆಕ್‌ಡಫಿ ಪ್ರಕರಣದಲ್ಲಿ, ಬಡವ ಬಲ್ಲಿದನೆನ್ನದೆ ಪ್ರತಿ ಮಗುವಿಗೂ ಶಿಕ್ಷಣ ಒದಗಿಸುವುದು ರಾಜ್ಯದ ಸಾಂವಿಧಾನಿಕ ಕರ್ತವ್ಯವೆಂದು ತೀರ್ಪಿತ್ತಿತು. ಅದೇ ತಿಂಗಳು ಶಿಕ್ಷಣ ಸುಧಾರಣಾ ಕಾಯಿದೆ ಜಾರಿಗೆ ಬಂತು. ಬಡ ಜಿಲ್ಲೆಗಳಿಗೆ ಹೆಚ್ಚಿನ ಹಣ, ಅದಕ್ಕೆ ಪ್ರತಿಯಾಗಿ ಎಲ್ಲರಿಗೂ ಒಂದೇ ಅಳತೆಗೋಲು: ಇದು ಆ ಕಾಯಿದೆಯ ಒಪ್ಪಂದ. ಎಂಸಿಎಎಸ್ ಎಂದು ಹೆಸರಾದ ಪರೀಕ್ಷೆ ಹುಟ್ಟಿದ್ದು ಈ ಒಪ್ಪಂದದಿಂದ. ಅದನ್ನು ಬಡವರ ವಿರುದ್ಧ ಹೂಡಿದ ಸಂಚೆಂದು ಮಾತ್ರ ಕಾಣುವುದು ಚರಿತ್ರೆಗೆ ನ್ಯಾಯ ಸಲ್ಲಿಸಿದಂತಾಗದು.

3. ಎರಡು ನಿಯಮಗಳ ಸಂಧಿ

ಎಂಸಿಎಎಸ್ 1998ರಲ್ಲಿ ಆರಂಭವಾಯಿತು. ಹತ್ತನೆಯ ತರಗತಿಯ ಇಂಗ್ಲಿಷ್ ಮತ್ತು ಗಣಿತ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಮಾತ್ರ ಡಿಪ್ಲೊಮಾ ಎಂಬ ನಿಯಮ ಮೊದಲು ಅನ್ವಯಿಸಿದ್ದು 2003ರಲ್ಲಿ ಶಾಲೆ ಮುಗಿಸಿದವರಿಗೆ. 2010ರ ತಂಡದಿಂದ ವಿಜ್ಞಾನವೂ ಸೇರಿತು. ನಿಯಮವನ್ನು ತಡೆಹಿಡಿಯಬೇಕೆಂಬ ಕೋರಿಕೆಯನ್ನು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಒಪ್ಪಲಿಲ್ಲ.

ಈ ಕಾಲಾನುಕ್ರಮದ ನಡುವೆ ಇನ್ನೊಂದು ಘಟನೆಯಿದೆ. 2002ರ ನವೆಂಬರಿನಲ್ಲಿ, ಅಂದರೆ ಹೊಸ ನಿಯಮಕ್ಕೆ ಒಳಪಟ್ಟ ಮೊದಲ ತಂಡ ಹನ್ನೆರಡನೆಯ ತರಗತಿಯಲ್ಲಿದ್ದಾಗ, ರಾಜ್ಯದ ಮತದಾರರು ಸುಮಾರು 68 ಶೇಕಡಾ ಬಹುಮತದಿಂದ 1971ರ ದ್ವಿಭಾಷಾ ಶಿಕ್ಷಣದ ಏರ್ಪಾಟನ್ನು ರದ್ದುಪಡಿಸಿ, ಬೋಧನೆ ಇಂಗ್ಲಿಷಿನಲ್ಲಿಯೇ ನಡೆಯಬೇಕೆಂದು ನಿರ್ಧರಿಸಿದರು. ಮತಪತ್ರದಲ್ಲಿ ಅದರ ಕ್ರಮಸಂಖ್ಯೆ 2. ಇಪ್ಪತ್ತೆರಡು ವರ್ಷಗಳ ನಂತರ ಪರೀಕ್ಷೆಯ ನಿಯಮವನ್ನು ತೆಗೆದುಹಾಕಿದ ಪ್ರಶ್ನೆಯ ಸಂಖ್ಯೆಯೂ 2. ಕ್ರಮಸಂಖ್ಯೆಗಳ ಹೊಂದಾಣಿಕೆ ಆಕಸ್ಮಿಕ. ಆದರೆ ಎರಡು ನಿಯಮಗಳು ಒಂದೇ ಮಗುವಿನ ಮೇಲೆ ಒಟ್ಟಿಗೆ ಬಂದೆರಗಿದ್ದು ಗಮನಾರ್ಹ. ಲಾರೆನ್ಸಿನ ಸ್ಪ್ಯಾನಿಷ್ ಮಾತಿನ ಹುಡುಗನಿಗೋ ಲೊವೆಲ್ಲಿನ ಖಮೇರ್ ಮಾತಿನ ಹುಡುಗಿಗೋ ಮನೆಮಾತಿನ ಆಸರೆಯನ್ನು ತೆಗೆದ ಕಾಲವೂ ಇಂಗ್ಲಿಷಿನ ಪರೀಕ್ಷೆಯನ್ನು ಭವಿಷ್ಯದ ಬಾಗಿಲಲ್ಲಿ ನಿಲ್ಲಿಸಿದ ಕಾಲವೂ ಒಂದೇ ಆಯಿತು. ಮೊದಲನೆಯದನ್ನು ಭಾಷಾನೀತಿ ಎಂದು ಕರೆದರು. ಎರಡನೆಯದನ್ನು ಗುಣಮಟ್ಟ ಎಂದರು.

ಗಣಿತದ ಪರೀಕ್ಷೆ ಭಾಷೆಯ ಪರೀಕ್ಷೆಯೂ ಆಗುವುದು ಹೇಗೆಂಬುದನ್ನು ಕನ್ನಡದಲ್ಲಿಯೇ ನೋಡಬಹುದು. ನಾವೇ ರಚಿಸಿದ ಎರಡು ವಾಕ್ಯಗಳಿವು. ಒಂದು: "ಚೀಲದಿಂದ ಯಾದೃಚ್ಛಿಕವಾಗಿ ಆಯ್ದ ಗೋಲಿಯು ಕೆಂಪಾಗಿರದಿರುವ ಸಂಭವನೀಯತೆಯನ್ನು ಕಂಡುಹಿಡಿಯಿರಿ." ಇನ್ನೊಂದು: "ಕಣ್ಣು ಮುಚ್ಚಿ ಚೀಲದಿಂದ ಒಂದು ಗೋಲಿ ತೆಗೆಯಿರಿ. ಅದು ಕೆಂಪು ಗೋಲಿ ಅಲ್ಲದಿರುವ ಸಾಧ್ಯತೆ ಎಷ್ಟು?" ಲೆಕ್ಕ ಒಂದೇ. ಮೊದಲ ವಾಕ್ಯದಲ್ಲಿ ಕೃದಂತ ವಿಶೇಷಣ, ಕ್ರಿಯಾಪದದೊಳಗೆ ಅಡಗಿದ ನಿಷೇಧ, ತತ್ಸಮ ಪಾರಿಭಾಷಿಕ ಪದಗಳು ಒಂದೇ ಉಸಿರಿನಲ್ಲಿ ಸೇರಿವೆ. ಗಣಿತ ಬಲ್ಲ ಮಗು ಅಲ್ಲಿ ಎಡವಿದರೆ ಉತ್ತರಪತ್ರಿಕೆ ಆ ಎಡವನ್ನು ಗಣಿತದ ಲೆಕ್ಕಕ್ಕೇ ಬರೆಯುತ್ತದೆ. ಜಮಾಲ್ ಅಬೇದಿ ಮತ್ತು ಅವರ ಸಹಸಂಶೋಧಕರು ಇಂಗ್ಲಿಷಿನ ಗಣಿತ ಪ್ರಶ್ನೆಗಳನ್ನು ಹೀಗೆ ಸರಳಗೊಳಿಸಿ ನಡೆಸಿದ ಅಧ್ಯಯನಗಳು ಪ್ರಶ್ನೆಯ ಭಾಷೆಗೂ ದೊರೆಯುವ ಅಂಕಕ್ಕೂ ಇರುವ ಸಂಬಂಧವನ್ನು ತೋರಿಸಿವೆ. ದಿನಬಳಕೆಯ ಮಾತಿನ ಸಾಮರ್ಥ್ಯವೇ ಬೇರೆ, ಶಾಸ್ತ್ರಭಾಷೆಯ ಸಾಮರ್ಥ್ಯವೇ ಬೇರೆ, ಎರಡನೆಯದು ಕೈಗೂಡಲು ಹಲವು ವರ್ಷಗಳೇ ಬೇಕು ಎಂದು ಜಿಮ್ ಕಮಿನ್ಸ್ 1979ರಿಂದಲೂ ಪ್ರತಿಪಾದಿಸುತ್ತ ಬಂದಿದ್ದಾರೆ. ಒಂಬತ್ತನೆಯ ತರಗತಿಯ ಹೊತ್ತಿಗೆ ದೇಶಕ್ಕೆ ಬಂದ ಮಗುವಿಗೆ ಆ ವರ್ಷಗಳು ಇರುವುದಿಲ್ಲ.

ರಾಜ್ಯಕ್ಕೆ ಇದು ತಿಳಿದಿರಲಿಲ್ಲವೆನ್ನಲಾಗದು. ದೇಶಕ್ಕೆ ಬಂದು ಮೂರು ವರ್ಷ ತುಂಬದ ಸ್ಪ್ಯಾನಿಷ್ ಭಾಷಿಕರಿಗೆ ಹತ್ತನೆಯ ತರಗತಿಯ ಗಣಿತದಲ್ಲಿ ಸ್ಪ್ಯಾನಿಷ್–ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಸೌಲಭ್ಯವಿತ್ತು. ಅನುತ್ತೀರ್ಣರಿಗೆ ಮರುಪರೀಕ್ಷೆಗಳೂ ಮೇಲ್ಮನವಿಯ ಅವಕಾಶವೂ ಇದ್ದವು. ಆದರೆ ಪೋರ್ಚುಗೀಸ್, ಹೈಟಿಯ ಕ್ರಿಯೋಲ್, ಕೇಪ್‌ವರ್ಡಿಯನ್, ವಿಯೆಟ್ನಾಮೀಸ್ ಮಾತಿನ ಮಕ್ಕಳಿಗೆ ಅಂಥ ಪ್ರಶ್ನೆಪತ್ರಿಕೆ ಇರಲಿಲ್ಲ. ಒಂದು ಭಾಷೆಗೆ ಕೊಟ್ಟ ವಿನಾಯಿತಿಯೇ ಪರೀಕ್ಷೆಯೊಳಗಿನ ಭಾಷಾ ನಿಬಂಧನೆಗೆ ಸಾಕ್ಷಿ.

4. ಹಿಂತೆಗೆತ ಮತ್ತು ಉಳಿದದ್ದು

2017ರಲ್ಲಿ ರಾಜ್ಯ ಮತ್ತೆ ದಿಕ್ಕು ಬದಲಿಸಿತು. ಹೊಸ ಕಾಯಿದೆ ದ್ವಿಭಾಷಾ ಬೋಧನೆಗೆ ಅವಕಾಶ ಕೊಟ್ಟಿತಲ್ಲದೆ, ಎರಡು ಭಾಷೆಗಳಲ್ಲಿ ಪ್ರೌಢಿಮೆ ತೋರಿದವರ ಡಿಪ್ಲೊಮಾಕ್ಕೆ ದ್ವಿಸಾಕ್ಷರತಾ ಮುದ್ರೆಯೊತ್ತುವ ಏರ್ಪಾಟನ್ನೂ ಮಾಡಿತು. ಕ್ಯಾಲಿಫೋರ್ನಿಯಾ ಇಂಥ ಮುದ್ರೆಯನ್ನು 2011ರಲ್ಲಿಯೇ ಕಾನೂನಾಗಿಸಿತ್ತು. ಆದರೂ ಮುದ್ರೆಯೆಂಬುದು ಡಿಪ್ಲೊಮಾ ದೊರೆತವರಿಗೆ ಸಿಗುವ ಅಲಂಕಾರ. ಮನೆಮಾತಿನ ಅರಿವು ಅಲಂಕಾರವಾಗಬಹುದಿತ್ತು, ಡಿಪ್ಲೊಮಾಕ್ಕೆ ಆಧಾರವಾಗುವಂತಿರಲಿಲ್ಲ.

2024ರ ಚರ್ಚೆಯಲ್ಲಿ ರಾಜ್ಯದ ದೊಡ್ಡ ಶಿಕ್ಷಕರ ಸಂಘ ಒಂದು ಕಡೆಗಿತ್ತು. ಗವರ್ನರ್ ಮೌರಾ ಹೀಲಿ ಮತ್ತೊಂದು ಕಡೆಗಿದ್ದರು. ಬೇರೆಲ್ಲ ಅರ್ಹತೆಗಳಿದ್ದೂ ಈ ಪರೀಕ್ಷೆಯಿಂದಾಗಿಯೇ ಡಿಪ್ಲೊಮಾ ತಪ್ಪಿದವರು ವರ್ಷಕ್ಕೆ ಸುಮಾರು 700, ಅಂದರೆ ನೂರಕ್ಕೆ ಒಬ್ಬರು ಎಂಬ ಲೆಕ್ಕವನ್ನು ಎರಡೂ ಕಡೆಯವರು ಬಳಸಿದರು. ಇಷ್ಟು ಚಿಕ್ಕ ಸಂಖ್ಯೆಗಾಗಿ ಸಮಾನ ಅಳತೆಯನ್ನು ಬಿಡುವುದೇ ಎಂದು ಒಬ್ಬರು; ಆ 700 ಮಂದಿ ಯಾರೆಂದು ನೋಡಿ ಎಂದು ಇನ್ನೊಬ್ಬರು. ಅವರಲ್ಲಿ ಇಂಗ್ಲಿಷ್ ಕಲಿಯುತ್ತಿರುವವರೂ ಅಂಗವೈಕಲ್ಯವುಳ್ಳವರೂ ತಮ್ಮ ಪ್ರಮಾಣವನ್ನು ಮೀರಿ ಸೇರಿದ್ದರು.

ಈಗ ಪರೀಕ್ಷೆ ಇದೆ, ಡಿಪ್ಲೊಮಾಕ್ಕೆ ಅದರ ಕಡ್ಡಾಯವಿಲ್ಲ. ರಾಜ್ಯದ ಪಠ್ಯಮಾನದಂಡಕ್ಕೆ ಹೊಂದುವ ಪಾಠಕ್ರಮವನ್ನು ವಿದ್ಯಾರ್ಥಿ ತೃಪ್ತಿಕರವಾಗಿ ಮುಗಿಸಿದ್ದಾನೆಂದು ಶಾಲಾ ಜಿಲ್ಲೆ ದೃಢೀಕರಿಸಬೇಕು. ಮುಂದಿನ ನಿಬಂಧನೆಗಳನ್ನು ಆಲೋಚಿಸಲು ಗವರ್ನರ್ 2025ರ ಜನವರಿಯಲ್ಲಿ ಒಂದು ಮಂಡಳಿಯನ್ನು ರಚಿಸಿದರು. ಆದರೆ ಪಾಠಕ್ರಮಕ್ಕೂ ಒಂದು ಭಾಷೆಯಿದೆ. ಪ್ರಬಂಧ, ಪ್ರಯೋಗದ ವರದಿ, ತರಗತಿಯ ಮಂಡನೆ ಎಲ್ಲವೂ ಶಾಸ್ತ್ರೀಯ ಇಂಗ್ಲಿಷನ್ನೇ ಬೇಡುತ್ತವೆ. ರಾಜ್ಯದ ಪರೀಕ್ಷೆಯಲ್ಲಿ ಆ ಬೇಡಿಕೆ ಕನಿಷ್ಠಪಕ್ಷ ಎಣಿಕೆಗೆ ಸಿಗುತ್ತಿತ್ತು. ಎಷ್ಟು ಮಕ್ಕಳು, ಯಾವ ಮನೆಮಾತಿನವರು ಹೊರಗುಳಿದರೆಂದು ಕೇಳಲು ಸಾಧ್ಯವಿತ್ತು. ನೂರಾರು ಜಿಲ್ಲೆಗಳ ದೃಢೀಕರಣದಲ್ಲಿ ಅದನ್ನು ಕಾಣುವುದು ಕಷ್ಟ. 1993ಕ್ಕೆ ಮುಂಚಿನ ಅಸಮಾನತೆ ಮರಳೀತೆಂಬ ಅಂಜಿಕೆಯಲ್ಲಿ ಹುರುಳಿದೆ. ಹಾಗೆಂದು ಹಳೆಯ ಪರೀಕ್ಷೆ ನ್ಯಾಯವಾಗಿತ್ತೆಂದೂ ಆಗುವುದಿಲ್ಲ.

5. ಸಮಾರೋಪ

ಕನ್ನಡದ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಗೋಕಾಕ್ ವರದಿಯ ಕಾಲದಲ್ಲಿ ನಮ್ಮಲ್ಲಿ ನಡೆದದ್ದು ನೇರವಾಗಿಯೇ ಭಾಷೆಯ ಜಗಳ: ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆ ಯಾವುದು, ಅದಕ್ಕೆ ಅಂಕವೆಷ್ಟು. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಎಂಬುದು ಎಲ್ಲರಿಗೂ ಕಾಣುವ ಭಾಷಾ ನಿಬಂಧನೆ. ಆದರೆ ತುಳು, ಲಂಬಾಣಿ, ಬ್ಯಾರಿ ಮನೆಮಾತಿನ ಮಗು ಗಣಿತ, ವಿಜ್ಞಾನದ ಪ್ರಶ್ನೆಪತ್ರಿಕೆಯ ಕನ್ನಡದಲ್ಲಿ ಎಷ್ಟು ಅಂಕ ಕಳೆದುಕೊಳ್ಳುತ್ತದೆಂಬ ಪ್ರಶ್ನೆಯನ್ನು ನಾವೂ ಹೆಚ್ಚಾಗಿ ಕೇಳಿಲ್ಲ.

ಮ್ಯಾಸಚೂಸೆಟ್ಸಿನ ಚರಿತ್ರೆಯಿಂದ ನಾವು ತಲುಪುವ ನಿಲುವು ಇದು. ಶಾಲಾಂತ್ಯದ ಹೊಸ ನಿಬಂಧನೆಯನ್ನು ರೂಪಿಸುವವರು ಎರಡು ಪ್ರಶ್ನೆಗಳಿಗೆ ಬೇರೆಬೇರೆಯಾಗಿ ಉತ್ತರಿಸಬೇಕು: ಮಗು ಏನನ್ನು ಬಲ್ಲುದಾಗಿರಬೇಕು, ಅದನ್ನು ಯಾವ ಭಾಷೆಯಲ್ಲಿ, ಎಂಥ ಭಾಷೆಯಲ್ಲಿ ತೋರಿಸಬೇಕು. ಇಂಗ್ಲಿಷ್ ಬೇಕೆಂದು ಒಂದು ಸಮಾಜ ಬಯಸುವುದು ತಪ್ಪಲ್ಲ. ಬಯಸುವುದಾದರೆ ಅದನ್ನು ಇಂಗ್ಲಿಷಿನ ಹೆಸರಿನಲ್ಲಿಯೇ ಕೇಳಬೇಕು, ಕಲಿಯಲು ಕಾಲವನ್ನೂ ಕೊಡಬೇಕು. ಗಣಿತದ ಹೆಸರಿನಲ್ಲಿ ಕೇಳಿ, ಸಿಗದಿದ್ದಾಗ ಮಗುವಿಗೆ ಗಣಿತ ಬಾರದೆಂದು ಪ್ರಮಾಣೀಕರಿಸುವುದು ಮಾತ್ರ ಸಲ್ಲದು.