ಕೊಡ ಉರುಳಿದ ಮೇಲೂ ಬದುಕಿದ್ದವಳು

ಕಾಶಿಯ ಹನುಮಾನ್ ಘಾಟ್ ದಾಕ್ಷಿಣಾತ್ಯರ ಹಳೆಯ ನೆಲೆ. ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರು 1898ರಲ್ಲಿ, ಹದಿಹರೆಯದಲ್ಲಿ, ಬಂದು ತಂಗಿದ್ದು ಇಲ್ಲಿದ್ದ ತಮ್ಮ ಸೋದರತ್ತೆಯ ಮನೆಯಲ್ಲಿ. ಇಲ್ಲಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್. ಅದರಾಚೆ ಚಿತೆಗಳು ಉರಿಯುವ ಹರಿಶ್ಚಂದ್ರ ಘಾಟ್. ಕನ್ನಡ ನಾಡಿನಿಂದ ಕಾಶೀವಾಸಕ್ಕೆ ಬಂದವರಲ್ಲಿ ವಿಧವೆಯರೂ ಇದ್ದರು. ಕೆಲವರನ್ನು ಭಕ್ತಿ ಕರೆತಂದಿತು, ಕೆಲವರನ್ನು ಊರು ಕಳುಹಿಸಿತು. ಸತ್ತವರಿಗೆ ಮೋಕ್ಷವೆನ್ನುವ ಈ ಊರಿನಲ್ಲಿ, ಬದುಕಿದ್ದಾಗಲೇ ಸತ್ತಳೆಂದು ಸಾರಲ್ಪಟ್ಟ ಹೆಣ್ಣೊಬ್ಬಳ ಕಥೆ ಹೊರನಾಡ ಕನ್ನಡಿಗರಾದ ನಮಗೆ ನೆನಪಾಗದಿರದು.

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ 1963ರ ‘ಪ್ರಶ್ನೆ’ ಸಂಕಲನದ ಕಥೆ. ಮಲೆನಾಡಿನ ವೇದಪಾಠಶಾಲೆಗೆ ಬಂದ ಬಾಲಕ ನಾಣಿಗೆ ತಾಯಿಯಂತೆ ಒದಗಿದವಳು ಗುರುಗಳ ಮಗಳು, ವಿಧವೆ ಯಮುನಕ್ಕ. ಆಕೆ ಬಸುರಿಯೆಂಬ ಸುದ್ದಿ ಹರಡಿದಂತೆ ನೆರೆಹೊರೆ ದೂರ ಸರಿಯುತ್ತದೆ. ಸಾಯಬೇಕೆಂದು ಆಕೆ ಹಾವಿನ ಹುತ್ತಕ್ಕೆ ಕೈಯಿಕ್ಕಿದಾಗಲೂ ಜೊತೆಗಿದ್ದವನು ನಾಣಿ. ಆಕೆ ಮಾಡಿದ್ದು ಸರಿಯೋ ತಪ್ಪೋ ಅವನು ಬಲ್ಲವನಲ್ಲ. ತನಗೆ ಅಕ್ಕರೆ ತೋರಿದವಳು ನೋಯುತ್ತಿದ್ದಾಳೆ ಎಂಬುದಷ್ಟೇ ಅವನಿಗೆ ಗೊತ್ತು. ಅಂಜುತ್ತಲೇ ಅವನು ಹತ್ತಿರ ಉಳಿಯುತ್ತಾನೆ.

ಇದಕ್ಕೆ ಮೂರು ವರ್ಷ ಹಿಂದೆ, 1960ರಲ್ಲಿ, ಅಮೆರಿಕದ ಹಾರ್ಪರ್ ಲೀ ‘ಟು ಕಿಲ್ ಎ ಮಾಕಿಂಗ್ ಬರ್ಡ್’ ಕಾದಂಬರಿ ಪ್ರಕಟಿಸಿದ್ದರು. ಅಲ್ಲಿಯೂ ಊರು ಶಂಕಿಸಿದ ನೆರೆಮನೆಯವನನ್ನು ಅರಿಯುವವಳು ಒಬ್ಬ ಬಾಲಕಿ. ಆದರೆ ಅಲ್ಲಿ ಆ ನೆರೆಯವನೇ ಮಕ್ಕಳನ್ನು ಕಾಪಾಡಿ ತನ್ನ ಒಳ್ಳೆಯತನವನ್ನು ತೋರುತ್ತಾನೆ. ಯಮುನಕ್ಕನಿಗೆ ಅಂಥ ಅವಕಾಶವಿಲ್ಲ. ನಾಣಿ ಅದನ್ನು ಬೇಡುವುದೂ ಇಲ್ಲ.

ಕಥೆಗೆ ಹೆಸರು ಕೊಟ್ಟ ವಿಧಿಗೂ ಒಂದು ಇತಿಹಾಸವಿದೆ. ಪತಿತರಿಗೆ ಬದುಕಿರುವಾಗಲೇ ಉದಕ ಬಿಟ್ಟು, ದಾಸಿಯಿಂದ ತುಂಬಿದ ಕೊಡವನ್ನು ಕಾಲಲ್ಲಿ ಉರುಳಿಸುವ ಕ್ರಮವನ್ನು ಮನುಸ್ಮೃತಿಯ 11ನೆಯ ಅಧ್ಯಾಯ ಹೇಳುತ್ತದೆ. ಆದರೆ ಅದರ ಬೆನ್ನಿಗೇ ಇನ್ನೆರಡು ಮಾತುಗಳಿವೆ. ಪ್ರಾಯಶ್ಚಿತ್ತ ಮಾಡಿಕೊಂಡವರೊಡನೆ ಬಂಧುಗಳು ಪುಣ್ಯಜಲದಲ್ಲಿ ಮಿಂದು, ಹೊಸ ಕೊಡವನ್ನು ನೀರಿಗೆ ಬಿಡಬೇಕು. ಪತಿತೆಯಾದ ಹೆಣ್ಣಿಗೆ ಅನ್ನ, ನೀರು, ಬಟ್ಟೆ ಕೊಡಬೇಕು. ಆಕೆ ಮನೆಯ ಸಮೀಪದಲ್ಲೇ ವಾಸಿಸಬೇಕು. ಇದು ಸಮಾನತೆಯಲ್ಲ, ನಿಜ. ಆದರೂ ಅದರಲ್ಲಿ ಬದುಕಲು ಒಂದಿಷ್ಟು ಜಾಗವಿತ್ತು. ಕಥೆಯ ಅಗ್ರಹಾರ ಕೊಡ ಉರುಳಿಸುವುದನ್ನು ನೆನಪಿಟ್ಟುಕೊಂಡು ಅನ್ನವನ್ನೂ ನೆರೆಯನ್ನೂ ಮರೆಯಿತು. ಮಂತ್ರಗಳನ್ನು ಇನ್ನೂ ಬಾಯಿಪಾಠ ಮಾಡುತ್ತಿದ್ದ ಹುಡುಗನೊಬ್ಬ, ಅರಿಯದೆಯೇ, ಮರೆತುಹೋದ ಆ ಭಾಗವನ್ನು ನಡೆಸಿಕೊಟ್ಟ.

ಕಾನೂನು ಸುಮ್ಮನಿರಲಿಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಆದರೆ ವಿಧವೆಯಾಗಿ ತವರಿಗೆ ಮರಳಿದವಳೊಡನೆ ನೆರೆಯವರು ಮಾತಾಡಬೇಕೆಂದು ಯಾವ ಕಾಯಿದೆ ವಿಧಿಸೀತು?

ಗಿರೀಶ ಕಾಸರವಳ್ಳಿಯವರು 1977ರಲ್ಲಿ ಈ ಕಥೆಯನ್ನು ತಮ್ಮ ಮೊದಲ ಚಿತ್ರವಾಗಿಸಿದರು. ಅದಕ್ಕೆ ಸ್ವರ್ಣಕಮಲ ದೊರೆಯಿತು. ಕೊನೆಗೆ ತಂದೆಯೊಡನೆ ಊರಿಗೆ ಹೊರಟ ನಾಣಿ, ತಲೆ ಬೋಳಿಸಿ ಹೊರಗೆ ಕುಳಿತ ಯಮುನಕ್ಕನನ್ನು ಕಾಣುತ್ತಾನೆ. ಅವಳನ್ನು ಉಳಿಸಲು ಅವನಿಂದಾಗದು. ಆದರೆ ಊರು ಸತ್ತಳೆಂದವಳು ಅವನ ಕಣ್ಣಿಗೆ ಇನ್ನೂ ಯಮುನಕ್ಕನೇ. ದೊಡ್ಡವರಾದ ನಮ್ಮಿಂದ ಅದಕ್ಕಿಂತ ಹೆಚ್ಚು ಸಾಧ್ಯ. ಕನಿಷ್ಠ ಅಷ್ಟಾದರೂ ಆಗಬೇಕು.